ಹೆಸರಿಲ್ಲದ ತಟ್ಟೆಗಳು

ನಮ್ಮ ಅತ್ತೆಯ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಸಣ್ಣದು. ಹುಟ್ಟಿನಿಂದಲೇ ಹಾಗಿತ್ತೋ, ಯಾರನ್ನೂ ನಂಬದೆ ನೋಡೀ ನೋಡೀ ಹಾಗಾಗಿತ್ತೋ ಹೇಳಲಾರೆ. ಹಾಲಿನವನು ಕ್ಯಾನಿನ ಮುಚ್ಚಳ ತೆಗೆದರೆ ಆ ಕಣ್ಣು ಕಿರಿದಾಗುತ್ತಿತ್ತು. ಬಳೆಗಾರ "ಬಣ್ಣ ಹೋಗಲ್ಲ ಕಣವ್ವ" ಎಂದರೆ ಇನ್ನಷ್ಟು ಕಿರಿದಾಗುತ್ತಿತ್ತು. ಮದುವೆಯಾಗಿ ಚಿಕ್ಕಜಾಜೂರಿನ ಆ ಮನೆಗೆ ಬಂದ ದಿನ, ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಕಾಲಲ್ಲಿ ಉರುಳಿಸಿ ತಲೆ ಎತ್ತಿದಾಗ ನನಗೆ ಮೊದಲು ಕಂಡದ್ದು ಅದೇ ಕಣ್ಣು. ಬಾಯಿ "ಬಾರವ್ವ ಒಳಗೆ" ಎನ್ನುತ್ತಿತ್ತು, ಕಣ್ಣು ಮಾತ್ರ ನನ್ನನ್ನು ಅಳೆಯುತ್ತಿತ್ತು.

ನಾನು ಆ ಮನೆಗೆ ಎರಡನೆಯವಳಾಗಿ ಹೋದವಳು. ನಮ್ಮ ಮನೆಯವರಿಗೆ ರೈಲ್ವೆಯಲ್ಲಿ ಕೆಲಸ. ಅವರ ಮೊದಲ ಹೆಂಡತಿ ಜ್ವರ ಬಂದು ತೀರಿಕೊಂಡಿದ್ದಳು, ಇನ್ನೂ ಶಾಲೆಗೆ ಹೋಗದ ಒಂದು ಹೆಣ್ಣುಮಗುವನ್ನು ಬಿಟ್ಟು. ಹಿರಿಯೂರಿನ ನಮ್ಮ ಮನೆಗೆ ಸಂಬಂಧ ತಂದವರು, "ಹುಡುಗ ಚಿನ್ನದಂಥೋನು, ನೌಕರಿ ಐತೆ, ಒಂದು ಮಗು ಐತೆ ಅಷ್ಟೇ" ಎಂದು ಹೇಳಿದ್ದರು. ಆ 'ಅಷ್ಟೇ' ಅನ್ನುವ ಮಾತು ಎಷ್ಟು ದೊಡ್ಡದು ಎಂದು ಮನೆಗೆ ಬಂದ ಮೇಲೆ ತಿಳಿಯಿತು. ಮಗು ನನ್ನನ್ನು ಕಂಡು ಹೆದರಲಿಲ್ಲ, ಹತ್ತಿರಕ್ಕೂ ಬರಲಿಲ್ಲ. ಅತ್ತೆಯ ಸೀರೆಯ ನೆರಿಗೆ ಹಿಡಿದು ನಿಂತು ನೋಡುತ್ತಿತ್ತು. ಹಾಗಾಗಿ ನನ್ನನ್ನು ನೋಡುವವರು ಆ ಮನೆಯಲ್ಲಿ ಯಾವಾಗಲೂ ಇಬ್ಬರಿದ್ದರು.

ಅತ್ತೆಯ ಬಾಯಲ್ಲಿ ಸದಾ ಇದ್ದ ಮಾತು "ನೋಡಾಣ ತಡಿ". ಬೇಳೆ ತಂದರೆ ಒಂದು ಹಿಡಿ ನೀರಿಗೆ ಹಾಕಿ ನೋಡಾಣ. ಡಾಕ್ಟರು ಕೊಟ್ಟ ಮಾತ್ರೆಯನ್ನು ಮುರಿದು, ಮೂಸಿ ನೋಡಾಣ. ಹೊಳಲ್ಕೆರೆಗೆ ಹೋಗುವ ಬಸ್ಸಿಗೆ ಬೋರ್ಡು ಇದ್ದರೂ ಡ್ರೈವರನ್ನು ಕೇಳುತ್ತಿದ್ದರು, ಡ್ರೈವರು ಹೇಳಿದ ಮೇಲೆ ಕಂಡಕ್ಟರನ್ನು ಕೇಳುತ್ತಿದ್ದರು, ಇಬ್ಬರೂ ಸೇರಿಕೊಂಡು ಸುಳ್ಳು ಹೇಳುತ್ತಿರಬಹುದೆಂದು ಪಕ್ಕದಲ್ಲಿ ಕುಳಿತವರನ್ನೂ ಕೇಳುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು. ಊಟದ ಹೊತ್ತಿಗೆ ಮಾತ್ರ ನಗು ಬರುತ್ತಿರಲಿಲ್ಲ. ನಾನು ಬಡಿಸುವಾಗ ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ಕೂರುತ್ತಿದ್ದರು, ಎಲ್ಲರ ತಟ್ಟೆಯೂ ಕಾಣುವ ಹಾಗೆ. ಸೌಟು ಎಲ್ಲಿಗೆ ಹೋದರೆ ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಒಂದೊಂದು ದಿನ ಸೌಟನ್ನು ಅಲ್ಲೇ ಎಸೆದು ಹಿರಿಯೂರಿನ ಬಸ್ಸು ಹತ್ತೋಣ ಅನ್ನಿಸುತ್ತಿತ್ತು.

ಆ ಮನೆಯಲ್ಲಿ ಒಂದರಂತೆ ಇನ್ನೊಂದು ತಟ್ಟೆ ಇರಲಿಲ್ಲ. ಮದುವೆ, ನಾಮಕರಣಗಳಲ್ಲಿ ಮುಯ್ಯಿ ಬಂದವೇ ಹೆಚ್ಚು. ಒಂದು ಅಗಲ, ಒಂದು ಆಳ, ಒಂದು ನೆಲದ ಮೇಲಿಟ್ಟರೆ ತಕತಕ ಕುಣಿಯುವುದು. ಅವುಗಳ ಅಂಚಿನಲ್ಲಿ ಕೊಟ್ಟವರ ಹೆಸರು. ನಮ್ಮ ಕಡೆ ಪಾತ್ರೆ ಕೊಂಡರೆ ಹೆಸರು ಹಾಕಿಸದೆ ಯಾರೂ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ. ಹೆಣ್ಣಿಗೆ ತವರಿನಿಂದ ಕೊಡುವ ಪಾತ್ರೆಗಳ ಮೇಲೆ ಅವಳದೇ ಹೆಸರು ಇರಬೇಕು. ಮಗು ಉಣ್ಣುತ್ತಿದ್ದದ್ದು ಅದರ ಅಮ್ಮನ ಹೆಸರಿದ್ದ ತಟ್ಟೆಯಲ್ಲಿ. ಉಂಡಾದ ಮೇಲೆ ಬೆರಳಿನಲ್ಲಿ ಆ ಅಕ್ಷರಗಳ ಮೇಲೆ ಸಾರು ಎಳೆಯುತ್ತಾ ಕೂರುತ್ತಿತ್ತು. ನನ್ನ ಹೆಸರಿನ ತಟ್ಟೆಗಳೂ ಇದ್ದವು, ಹೊಸವು, ಇನ್ನೂ ಹೊಳೆಯುತ್ತಿದ್ದವು. ಆಮೇಲೆ ನನಗೆ ಗಂಡುಮಗುವಾಯಿತು. ಅವನು ಕೂತು ಉಣ್ಣುವ ಹಾಗಾದಾಗ ನಾನು ಅವನ ಮುಂದೆ ನನ್ನ ತವರಿನ ತಟ್ಟೆಯನ್ನೇ ಇಟ್ಟೆ. ಅದರಲ್ಲಿ ಯೋಚನೆ ಮಾಡುವಂಥದ್ದೇನಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅತ್ತೆ ಹೇಳಿದರು: "ದುರ್ಗಕ್ಕೆ ಹೋಗಾಣ ನಡಿ. ಮನೆಮಂದಿಗೆಲ್ಲ ಒಂದೇ ಥರದ ತಟ್ಟೆ ತರಾಣ."

ಹೊಳಲ್ಕೆರೆಯಲ್ಲೇ ಪಾತ್ರೆ ಅಂಗಡಿಗಳಿದ್ದವು. ಅಲ್ಲಿಯವರು ತಿರುವಿ ಹಾಕಲು ಬಿಡುವುದಿಲ್ಲವಂತೆ, ದುರ್ಗದಲ್ಲಿ ಅಂಗಡಿಗಳು ಸಾಲಾಗಿ ಇರುವುದರಿಂದ ಒಬ್ಬರಿಗೊಬ್ಬರು ಹೆದರಿ ಸ್ವಲ್ಪ ನಿಜ ಹೇಳುತ್ತಾರಂತೆ. ನನಗೆ ಆಗಲೇ ಅನುಮಾನ. ಇಷ್ಟು ವರ್ಷ ಇಲ್ಲದ ಆಸೆ ಈಗೇಕೆ? ಶ್ರೀರಾಂಪುರದ ನಾದಿನಿ ಹೋದ ಸಲ ಬಂದಾಗ ನನ್ನ ತಟ್ಟೆಗಳನ್ನು ಎತ್ತಿ ನೋಡಿ "ಭಾರ ಅವೆ" ಎಂದದ್ದು ನೆನಪಾಯಿತು. ಹೊಸ ತಟ್ಟೆ ಬಂದರೆ ನನ್ನವು ಯಾವ ಊರಿನ ಬಸ್ಸು ಹತ್ತುತ್ತವೆ ಎಂದು ನಾನೇ ಲೆಕ್ಕ ಹಾಕಿಕೊಂಡೆ. ಅತ್ತೆಯ ಜೊತೆ ಬಾಳಿ ನಾನೂ ಅವರಂತೆಯೇ ಆಗುತ್ತಿದ್ದೆ ಅನ್ನಿಸುತ್ತದೆ.

ಅವರು ಸೆರಗಿನ ತುದಿಯಲ್ಲಿ ಒಂದು ಅಯಸ್ಕಾಂತ ಕಟ್ಟಿಕೊಂಡು ಬಂದಿದ್ದರು. ಕೆಟ್ಟುಹೋದ ರೇಡಿಯೋ ಒಳಗಿನದು. ಒಳ್ಳೆಯ ಸ್ಟೀಲಿಗೆ ಅದು ಅಂಟುವುದಿಲ್ಲ ಎಂದು ಯಾರೋ ಹೇಳಿದ್ದರು. ಮೊದಲ ಅಂಗಡಿಯಲ್ಲಿ ಅದು ತಟ್ಟೆಗೆ ಪಟ್ಟನೆ ಅಂಟಿಕೊಂಡಿತು. ಅಂಗಡಿಯವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿಯಾಗಿತ್ತು. ಎರಡನೆಯ ಅಂಗಡಿಯಲ್ಲಿ ಅದು ಅಂಟಲಿಲ್ಲ. ನಾನು ಸದ್ಯ ಮುಗಿಯಿತು ಎಂದುಕೊಂಡೆ. ಅತ್ತೆ ಈಗ ಅಯಸ್ಕಾಂತದ ಮೇಲೇ ಅನುಮಾನಪಟ್ಟು, ಅದನ್ನು ಅಂಗಡಿಯ ಬಾಗಿಲ ಚಿಲಕಕ್ಕೆ ಹಿಡಿದು ನೋಡಿದರು.

"ಇದರ ಶಕ್ತಿ ಇನ್ನೂ ಐತೆ," ಎಂದರು, ಸ್ವಲ್ಪ ನಿರಾಸೆಯಿಂದಲೇ.

ಮೂರನೆಯದು ದೊಡ್ಡ ಅಂಗಡಿ. ಅಲ್ಲಿ ನನ್ನ ಕಣ್ಣು ಮೆಲಮೈನ್ ತಟ್ಟೆಗಳ ಮೇಲೆ ಬಿತ್ತು. ಬಿಳಿ ತಟ್ಟೆ, ಅಂಚಿಗೆ ನೀಲಿ ಹೂವು, ಅದೇ ಹೂವಿನ ಬಟ್ಟಲುಗಳು. ಹಿರಿಯೂರಿನಲ್ಲಿ ನಮ್ಮ ಮೇಷ್ಟ್ರ ಮನೆಯಲ್ಲಿ ಅಂಥವಿದ್ದವು. ನನ್ನ ಆಸೆ ಅಂಗಡಿಯವರಿಗೆ ಗೊತ್ತಾಗಿಹೋಯಿತು.

"ಬೀಳ್ಸಿದ್ರೂ ಒಡೆಯಲ್ಲ ಅಮ್ಮ, ನೋಡ್ರಿ," ಎಂದು ಅವರು ಒಂದನ್ನು ನೆಲಕ್ಕೆ ಬಿಟ್ಟರು. ಅದು ಅಂಗಾತ ಬಿದ್ದು ಸುಮ್ಮನೆ ಕೂತಿತು.

"ಈಗ ಅಂಚು ಕೆಳಗೆ ಮಾಡಿ ಬೀಳ್ಸ್ರಿ," ಎಂದರು ಅತ್ತೆ.

ಅಂಗಡಿಯವರು ನಕ್ಕು, ತಟ್ಟೆಯನ್ನು ಒರೆಸಿ ಮತ್ತೆ ಶೆಲ್ಫಿನಲ್ಲಿಟ್ಟರು. ಅತ್ತೆ ಬಿಡಲಿಲ್ಲ. "ಒಂದು ಒಡೀತು ಅಂತ ಇಟ್ಕಳ್ರಿ. ಮುಂದಿನ ವರ್ಷ ಬಂದ್ರೆ ಇದೇ ಹೂವಿಂದು ಸಿಗ್ತೈತಾ?"

"ಅದೆಂಗಮ್ಮ ಹೇಳೋದು? ಡಿಸೈನು ಬದಲಾಗ್ತಾ ಇರ್ತಾವೆ."

"ಹಂಗಾದ್ರೆ ಬ್ಯಾಡ. ಒಂದು ಒಡೆದ್ರೆ ಅದರ ಬದ್ಲಿ ಬಂದಿದ್ದು ಬೇರೆ ಥರ ಆಗ್ತೈತೆ."

ಆಗಲಿ ಬಿಡಿ, ಅದರಿಂದ ಏನು ಮುಳುಗಿಹೋಗುತ್ತದೆ ಎಂದು ನನಗೆ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಕೊನೆಗೆ ಸ್ಟೀಲಿನ ಊಟದ ತಟ್ಟೆಗಳೇ ಕೆಳಗಿಳಿದವು. ಅತ್ತೆ ಅಂಗಡಿಯಲ್ಲಿ ಬಟ್ಟೆ ಹಾಸಿಸಿಕೊಂಡು ಕೂತೇಬಿಟ್ಟರು. ಮುದ್ದೆ ಉಣ್ಣುವ ಮನೆಗೆ ಅಂಚು ಎತ್ತರವಿರಬೇಕು, ಇಲ್ಲದಿದ್ದರೆ ಸಾರು ನಿಲ್ಲುವುದಿಲ್ಲ. ಮಡಿಚಿದ ಅಂಚಿನ ಕೆಳಗೆ ಉಗುರು ಆಡಿಸಿ ನೋಡಬೇಕು, ಸಂದು ಇದ್ದರೆ ಕೊಳೆ ಕೂರುತ್ತದೆ. ತಳವನ್ನು ಎರಡೂ ಹೆಬ್ಬೆರಳಿನಿಂದ ಅದುಮಬೇಕು, ಟೊಕ್ ಎಂದು ಒಳಗೆ ಹೋದರೆ ತೆಳು. ಬೋರಲು ಹಾಕಿ ಮೇಲೆ ಅಂಗೈ ಊರಿ ನೋಡಬೇಕು, ಅಲುಗಾಡಿದರೆ ಅಂಚು ಸೊಟ್ಟ. ಇಷ್ಟೆಲ್ಲ ಆದಮೇಲೆ ಅವರು ಮಾಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಪಾತ್ರೆಗಳನ್ನು ಆಗ ತೂಕದ ಮೇಲೆ ಮಾರುತ್ತಿದ್ದರಲ್ಲ, ಅಂಗಡಿಯವರ ದೊಡ್ಡ ತಕ್ಕಡಿ ಎದುರಿಗೇ ಇತ್ತು. ಅತ್ತೆ ಅದರ ಒಂದು ಬದಿಗೆ ಒಂದು ತಟ್ಟೆ ಇಟ್ಟರು. ಅಂಗಡಿಯವರು ತೂಕದ ಕಲ್ಲು ತೆಗೆಯಲು ಕೈ ಚಾಚಿದರು.

"ಕಲ್ಲು ಬ್ಯಾಡ," ಎಂದರು ಅತ್ತೆ. ಇನ್ನೊಂದು ಬದಿಗೆ ಇನ್ನೊಂದು ತಟ್ಟೆಯನ್ನೇ ಇಟ್ಟರು. ಮುಳ್ಳು ಒಂದು ಕಡೆ ವಾಲಿತು. ವಾಲಿಸಿದ್ದನ್ನು ತೆಗೆದು ಪಕ್ಕಕ್ಕಿಟ್ಟು ಬೇರೆಯದನ್ನು ಇಟ್ಟರು.

"ಏನಮ್ಮ, ತಟ್ಟೆ ತಟ್ಟೆನೇ ತೂಗ್ತಾರಾ ಯಾರಾದ್ರೂ? ಉಣ್ಣಾಕೆ ತಾನೆ?"

"ಉಣ್ಣಾಕೇ ಕಣಪ್ಪ. ಅದಕ್ಕೇ ತೂಗ್ತಿರೋದು."

ಅಂಗಡಿಗೆ ಬಂದ ಬೇರೆ ಗಿರಾಕಿಗಳು ನಿಂತು ನೋಡತೊಡಗಿದರು. ನನಗೆ ನಾಚಿಕೆಯಾಗಿ, ಮಗನನ್ನು ಸೊಂಟದ ಮೇಲೆ ಎತ್ತಿಕೊಂಡು ಬಾಗಿಲ ಕಡೆಗೆ ಮುಖ ಮಾಡಿ ನಿಂತೆ. ಮುಳ್ಳು ನಟ್ಟನಡುವೆ ನಿಂತ ತಟ್ಟೆಗಳನ್ನಷ್ಟೇ ಒಂದರ ಮೇಲೊಂದು ಪೇರಿಸಿ, ಅಂಚು ಅಂಚಿಗೆ ಸರಿಯಾಗಿ ಕೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಅತ್ತೆ ಎದ್ದಾಗ ಮಧ್ಯಾಹ್ನ ಕಳೆದಿತ್ತು.

ಮೂಲೆಯಲ್ಲಿ ಹೆಸರು ಕೊರೆಯುವವನು ಮಷೀನು ಹಿಡಿದು ಕೂತಿದ್ದ. "ಹೆಸರು ಹೇಳ್ರಮ್ಮ, ಯಾರ್ದು ಹಾಕ್ಲಿ?"

"ಯಾರ್ದೂ ಬ್ಯಾಡ," ಎಂದರು ಅತ್ತೆ.

"ಪುಕ್ಕಟೆ ಹಾಕ್ಕೊಡ್ತೀವಿ, ದುಡ್ಡಿಲ್ಲ."

"ಪುಕ್ಕಟೆ ಆದ್ರೂ ಬ್ಯಾಡ. ಒಂದು ಗೀಟೂ ಎಳೀಬ್ಯಾಡ."

ಆ ಕ್ಷಣದಲ್ಲಿ ನನಗೆ ಎಲ್ಲವೂ ಗೊತ್ತಾದಂತಾಯಿತು. ಹೆಸರಿಲ್ಲದ ಪಾತ್ರೆ ಯಾರ ಮನೆಗೆ ಬೇಕಾದರೂ ಹೋಗಬಹುದು. ನನ್ನ ಹೆಸರಿನವನ್ನೂ ಕಳಿಸಿ, ಇವುಗಳ ಮೇಲೂ ನನ್ನ ಹಕ್ಕು ಇಲ್ಲದ ಹಾಗೆ ಮಾಡುತ್ತಿದ್ದಾರೆ ಎಂದುಕೊಂಡೆ. ಬಸ್ಸಿನಲ್ಲಿ ತಟ್ಟೆಯ ಗಂಟು ನಮ್ಮಿಬ್ಬರ ನಡುವೆ ಇತ್ತು, ಇಬ್ಬರೂ ಅದರ ಮೇಲೆ ಒಂದೊಂದು ಕೈ ಇಟ್ಟುಕೊಂಡು ಕೂತಿದ್ದೆವು.

ಮನೆಗೆ ಬಂದ ಕೂಡಲೇ ಅತ್ತೆ ಹಳೆಯ ತಟ್ಟೆಗಳನ್ನೆಲ್ಲ ಟ್ರಂಕಿಗೆ ತುಂಬತೊಡಗಿದರು. ಮುಯ್ಯಿ ಬಂದವು, ನನ್ನವು, ಆ ಮಗುವಿನ ಅಮ್ಮನವು, ಎಲ್ಲ. ನಾನು ಟ್ರಂಕಿನ ಮುಚ್ಚಳ ಹಿಡಿದುಕೊಂಡೆ.

"ನನ್ನ ತವರಿನ ತಟ್ಟೆ ಎಲ್ಲಿಗೆ ಕಳಿಸ್ತೀರಿ ಅತ್ತೆ? ಶ್ರೀರಾಂಪುರಕ್ಕಾ?"

ಅವರಿಗೆ ಅದು ಮೊದಲು ಅರ್ಥವಾಗಲೇ ಇಲ್ಲ. ಅರ್ಥವಾದಾಗ ನಕ್ಕರು. ಅವರು ನಕ್ಕಿದ್ದು ನೋಡಿ ನನ್ನ ಸಿಟ್ಟು ನೆತ್ತಿಗೇರಿತು. "ನನ್ನ ಮೇಲೆ ನಿಮಗೆ ನಂಬಿಕೆ ಇಲ್ಲ. ಬಂದ ದಿನದಿಂದ ನೋಡ್ತಾ ಇದೀನಿ. ಅನುಮಾನ ನಿಮಗೆ."

"ಹೂಂ, ಐತೆ," ಎಂದರು. "ಅದಕ್ಕೇ ತಂದಿದ್ದು ಇವನ್ನ."

ಅಷ್ಟು ನೇರವಾಗಿ ಹೇಳುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಅತ್ತೆ ಟ್ರಂಕಿನ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ನಾನೂ ನಿನ್ನಂಗೇ ಎರಡನೇಳಾಗಿ ಬಂದೋಳು. ಯಲ್ಲದಕೆರೇಲಿ ನಿಮ್ಮ ಭಾವ ಅದಾನಲ್ಲ, ಅವನು ನನ್ ಹೊಟ್ಟೇಲಿ ಹುಟ್ಟಿದೋನಲ್ಲ, ಗೊತ್ತೈತೆ ನಿಂಗೆ. ಅವನು ಉಣ್ತಿದ್ದಿದ್ದು ಅವರಮ್ಮನ ಕಂಚಿನ ತಟ್ಟೇಲಿ. ಹೆಸರು ಕೊರೆದಿತ್ತು. ನಂಗೆ ಓದಾಕೆ ಬರ್ದಿದ್ರೂ ಅದು ಯಾರ ಹೆಸರು ಅಂತ ಗೊತ್ತಿತ್ತು. ನಿನ್ ಗಂಡಂದು ನನ್ ತವರಿನ ತಟ್ಟೆ. ನಾನು ಬೇಕಂತ ಕಡಿಮೆ ಇಕ್ಕಲಿಲ್ಲ ಕಣವ್ವ, ದೇವರಾಣೆ. ತುಪ್ಪದ ಚಮಚ ಆ ಹೆಸರು ಕಂಡ ತಕ್ಷಣ ಅರ್ಧಕ್ಕೇ ನಿಂತ್ಕಳದು. ನಂಗೇ ಗೊತ್ತಾಗ್ತಿರ್ಲಿಲ್ಲ. ಅವನಿಗೆ ಗೊತ್ತಾಗ್ತಿತ್ತು."

"ಕೇಳ್ತಿರ್ಲಿಲ್ವಾ ಅವರು?"

"ಕೇಳಿದ್ರೆ ಹಾಕ್ತಿದ್ದೆ. ಒಂದಿನನೂ ಕೇಳ್ಲಿಲ್ಲ. ಇಕ್ಕಿದಷ್ಟು ಉಂಡು ತಟ್ಟೆ ತೊಳೆದಿಟ್ಟು ಎದ್ದೋಗೋನು. ಮೀಸೆ ಬರೋ ಮುಂಚೆ ಸೋದರಮಾವನ ಮನೆಗೆ ಹೋದೋನು ಇವತ್ತಿಗೂ ಈ ಮನೇಲಿ ಅನ್ನ ಮುಟ್ಟಿಲ್ಲ." ಟ್ರಂಕಿನ ಮುಚ್ಚಳದ ಮೇಲೆ ಅಂಗೈಯಿಂದ ತಟ್ಟಿದರು. "ನೀನು ಕೆಟ್ಟೋಳು ಅಂತ ಅಲ್ಲ. ನನ್ ಕೈನೇ ನಂಗೆ ಹಂಗೆ ಮಾಡ್ತು. ನಿನ್ ಕೈ ಹೆಂಗೆ ನಂಬ್ಲಿ?"

ಕಥೆ ಕೇಳಿ ನಾನು ಕರಗಿಹೋದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಅವರು ಮಾಡಿದ್ದಕ್ಕೆ ನಾನೇಕೆ ಕಟ್ಟಿಹಾಕಿಸಿಕೊಳ್ಳಬೇಕು ಎಂದು ಉರಿಯಿತು. ಮುಚ್ಚಳ ಬಿಟ್ಟು ಎದ್ದು ಹೋದೆ.

ಹೆಣ್ಣುಮಗು ಅತ್ತಿತು. ಅಮ್ಮನ ತಟ್ಟೆ ಬೇಕೇ ಬೇಕು ಎಂದು ಟ್ರಂಕಿನ ಮೇಲೆ ಮಲಗಿತು. ಅತ್ತೆ ಜಗ್ಗಲಿಲ್ಲ. ಆದರೆ ಅದು ಊಟ ಬಿಟ್ಟು ಕೂತಾಗ ಟ್ರಂಕು ತೆರೆದು, ಹುಡುಕಿ, ಅದೇ ಹೆಸರಿನ ಒಂದು ಲೋಟ ತೆಗೆದು ಕೊಟ್ಟರು. "ನೀರಿಗೆ ಇರ್ಲಿ. ನೀರು ನೀನೇ ಬಗ್ಗಿಸ್ಕಂಡು ಕುಡೀತೀಯ, ಯಾರೂ ಅಳತೆ ಮಾಡಲ್ಲ." ಆ ಲೋಟ ಅವಳ ಜೊತೆಗೇ ಬೆಳೆಯಿತು. ಅವಳು ಮದುವೆಯಾಗಿ ಹೊಸದುರ್ಗಕ್ಕೆ ಹೋಗುವಾಗ ಅವಳ ಅಮ್ಮನ ತಟ್ಟೆಗಳನ್ನೆಲ್ಲ ಅತ್ತೆಯೇ ಹುಣಸೆಹಣ್ಣು ಹಚ್ಚಿ ಬೆಳಗಿ ಕೊಟ್ಟರು. ನನ್ನವು ಇನ್ನೂ ಟ್ರಂಕಿನಲ್ಲೇ ಇವೆ.

ಹೊಸ ತಟ್ಟೆಗಳ ಜೊತೆ ಅತ್ತೆ ಒಂದು ಹೊಸ ಪದ್ಧತಿಯನ್ನೂ ತಂದರು. ಎಲ್ಲರೂ ಹೊರಗೆ ಕೂತಿರಬೇಕು, ತಟ್ಟೆಗಳು ಅಡುಗೆಮನೆಯಲ್ಲಿ ಸಾಲಾಗಿರಬೇಕು. "ನೀನು ಇಕ್ಕು, ನಾನು ಕೊಡ್ತೀನಿ," ಎಂದರು. ನಾನು ಮುದ್ದೆ ಇಟ್ಟು, ಸಾರು ಬಿಟ್ಟು, ತುಪ್ಪ ಹಾಕಿ ಮುಗಿಸುವ ತನಕ ಅವರು ಕೈ ಮುಟ್ಟುತ್ತಿರಲಿಲ್ಲ. ಆಮೇಲೆ ತಮಗೆ ಬೇಕಾದ ತಟ್ಟೆ ಎತ್ತಿ ಬೇಕಾದವರ ಮುಂದೆ ಇಡುತ್ತಿದ್ದರು. ಯಾವ ತಟ್ಟೆ ಯಾರಿಗೆ ಹೋಗುತ್ತದೆಂದು ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಒಂದರಲ್ಲಿ ತುಪ್ಪ ಜಾಸ್ತಿ ಬಿದ್ದರೆ ಅದು ನನ್ನ ಮಗನಿಗೆ ಹೋಗಬಹುದು, ಮಗಳಿಗೆ ಹೋಗಬಹುದು, ಅತ್ತೆಯೇ ಉಣ್ಣಬಹುದು. ಜಾಸ್ತಿ ತುಪ್ಪದ್ದನ್ನು ಅವರು ಮಗಳಿಗೇ ಇಡುತ್ತಾರೇನೋ ಎಂದು ನಾನೂ ಬಾಗಿಲ ಸಂದಿಯಿಂದ ಹಣಿಕಿ ನೋಡಿದ್ದುಂಟು. ಹೀಗೆ ಒಬ್ಬರನ್ನೊಬ್ಬರು ನಂಬದೆ, ಮನೆಯ ಮಂದಿಗೆಲ್ಲ ಸರಿಸಮ ಊಟ ಹಾಕಿದೆವು.

ಎಷ್ಟು ಕಾಲ ಹಾಗೆ ನಡೆಯಿತೋ. ಒಂದು ದಿನ ನಾನು ಬಡಿಸಿ ಮುಗಿಸಿ ತಿರುಗಿ ನೋಡಿದರೆ ತಟ್ಟೆ ಎತ್ತುವವರಿಲ್ಲ. ಅತ್ತೆ ಹಿತ್ತಲಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ಕರೆದೆ. "ನೀನೇ ಕೊಡು ಹೋಗು, ನಂಗೆ ಕೈ ಖಾರ ಆಗೈತೆ," ಎಂದರು. ಮರುದಿನ ಕೈ ಖಾರ ಇರಲಿಲ್ಲ, ಆದರೂ ಬರಲಿಲ್ಲ. ನನಗೆ ಅವತ್ತು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅಳು ಬಂತು.

ಯಲ್ಲದಕೆರೆಯ ಭಾವ ವರ್ಷಕ್ಕೊಂದೆರಡು ಸಲ ಬರುತ್ತಿದ್ದರು. ಜಗಲಿಯಲ್ಲಿ ಕೂತು ಟೀ ಕುಡಿದು, ತಮ್ಮನ ಜೊತೆ ಮಳೆ ಬೆಳೆ ಮಾತಾಡಿ, ಊಟಕ್ಕೆಬ್ಬಿಸಿದರೆ "ಹೊಟ್ಟೆ ತುಂಬೈತೆ ಕಣಮ್ಮ" ಎಂದು ಎದ್ದುಬಿಡುತ್ತಿದ್ದರು. ಸಿಟ್ಟಿನ ಮನುಷ್ಯರಲ್ಲ. ಅತ್ತೆಯನ್ನು 'ಚಿಕ್ಕವ್ವ' ಎಂದು ಕರೆದು, ಕಾಲಿಗೆ ನಮಸ್ಕಾರ ಮಾಡಿಯೇ ಹೋಗುವರು. ಅವರು ಬೀದಿಯ ತಿರುವು ದಾಟುವ ತನಕ ಅತ್ತೆ ಬಾಗಿಲಲ್ಲಿ ನಿಂತಿರುತ್ತಿದ್ದರು.

ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಆಮೇಲೆ ಮಂಚ ಬಿಟ್ಟು ಏಳಲೇ ಇಲ್ಲ, ಕೊನೆಗೆ ಅದರಲ್ಲೇ ತೀರಿಕೊಂಡರು. ಅದಕ್ಕೆ ಕೆಲವು ದಿನ ಮುಂಚೆ ಭಾವ ನೋಡಲು ಬಂದಿದ್ದರು. ಮಧ್ಯಾಹ್ನವಾಗಿತ್ತು. ನಮ್ಮ ಮನೆಯವರೂ ಮಗನೂ ಊಟಕ್ಕೆ ಕೂತರು. ನಾನು ಎಂದಿನಂತೆ ಭಾವನನ್ನೂ ಕರೆದೆ, ಎಂದಿನ ಉತ್ತರಕ್ಕೆ ಕಾದೆ. ಅವರು ಒಂದು ಗಳಿಗೆ ಅತ್ತೆ ಮಲಗಿದ್ದ ಕೋಣೆಯ ಕಡೆ ನೋಡಿ, ಕೈತೊಳೆದು ಬಂದು ತಮ್ಮನ ಪಕ್ಕದಲ್ಲಿ ಕೂತರು. ನಾನು ಗಡಬಡಿಸಿ ಇನ್ನೊಂದು ತಟ್ಟೆ ತಂದೆ.

ಒಳಗಿನಿಂದ ದನಿ ಬಂತು. "ಯಾರ್ಯಾರು ಕುಂತವ್ರೆ?"

"ಭಾವನೂ ಕುಂತವ್ರೆ ಅತ್ತೆ."

"ಸುಳ್ಳು."

ಅವರೆಕಾಳಿನ ಸಾರು ಮಾಡಿದ್ದೆ. ಭಾವ ತಲೆ ತಗ್ಗಿಸಿ ಉಂಡರು. ಮುದ್ದೆ ಮುಗಿಯುತ್ತ ಬಂದಾಗ ತಲೆ ಎತ್ತಿ, "ಇನ್ನರ್ಧ ಮುದ್ದೆ ಹಾಕಮ್ಮ," ಎಂದರು. ಹಾಕಿದೆ. ಹಾಕಿದವಳೇ ಕೋಣೆಗೆ ಓಡಿದೆ.

"ಅತ್ತೆ, ಇನ್ನರ್ಧ ಮುದ್ದೆ ಹಾಕಿಸ್ಕಂಡ್ರು. ಕೇಳಿ ಹಾಕಿಸ್ಕಂಡ್ರು."

"ನನ್ ಸಮಾಧಾನಕ್ಕೆ ಹೇಳ್ತೀಯ. ನೀನಾಗೇ ಇಕ್ಕಿರ್ತೀಯ."

"ಇಲ್ಲ ಅತ್ತೆ, ನಿಮ್ಮಾಣೆ."

"ತಟ್ಟೆ ತಂದು ತೋರ್ಸು ಹಂಗಾದ್ರೆ."

ಉಣ್ಣುತ್ತಿರುವವರ ಮುಂದಿನಿಂದ ತಟ್ಟೆ ಹೇಗೆ ಎತ್ತಲಿ? ನಾನು ಬಾಗಿಲಲ್ಲಿ ನಿಂತುಬಿಟ್ಟೆ. ಭಾವನಿಗೆ ಎಲ್ಲವೂ ಕೇಳಿಸಿತ್ತು. ಅವರು ಎಡಗೈಯಲ್ಲಿ ತಟ್ಟೆ ಹಿಡಿದು ಎದ್ದು ಬಂದರು. ಮಂಚದ ಪಕ್ಕ ನೆಲದ ಮೇಲೆ ಕೂತು, "ಇಲ್ಲೇ ಉಣ್ತೀನಿ, ನೋಡು ಚಿಕ್ಕವ್ವ," ಎಂದರು. ಉಂಡರು. ಮಜ್ಜಿಗೆ ಹಾಕಿಸಿಕೊಂಡರು. ಬೆರಳಿನಿಂದ ತಟ್ಟೆ ಬಳಿದು ನೆಕ್ಕಿದರು. ಅಷ್ಟು ಹೊತ್ತೂ ಅತ್ತೆ ರೆಪ್ಪೆ ಬಡಿಯಲಿಲ್ಲ.

ಮುಗಿದ ಮೇಲೆ ಅತ್ತೆ ಕೈ ಚಾಚಿ ತಟ್ಟೆ ಕೊಡು ಎಂದರು. "ಎಂಜಲು ಅತ್ತೆ," ಎಂದೆ ನಾನು. ಅವರು ನನ್ನ ಮಾತು ಕೇಳಲಿಲ್ಲ. ತಟ್ಟೆಯನ್ನು ಎದೆಯ ಮೇಲಿಟ್ಟುಕೊಂಡು ಅದರೊಳಗೆ ಬೆರಳಾಡಿಸಿದರು, ಕಿಟಕಿಯ ಬೆಳಕಿಗೆ ವಾಲಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನಾನು ಅಲ್ಲಿರಲೇ ಇಲ್ಲವೇನೋ ಎಂಬಂತೆ, ನನಗೇ ಸುದ್ದಿ ಹೇಳಿದರು.

"ಉಂಡವ್ನೆ ಕಣೇ."